ದೋಷವನ್ನು ಮುಚ್ಚಿಡುವ ಮುನ್ನ

ನಿಮ್ಮ ಮಗನೋ ಸಹೋದರನೋ ಎಲ್ಲಿಂದಲೋ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಕಡಿಮೆ ಬೆಲೆಗೆ ತಂದು ಮನೆಯ ಕಂಪ್ಯೂಟರಿಗೆ ಹಾಕಿಸಿರಬಹುದು. ವಿಡಿಯೋ ಎಡಿಟಿಂಗ್ ಮಾಡುವವರಿಗೆ, ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಕಂಪ್ಯೂಟರ್ ಆಟದ ಹುಚ್ಚಿರುವ ಹುಡುಗರಿಗೆ ಅದು ಬೇಕಾಗುತ್ತದೆ. ಆದರೆ ಆ ಕಾರ್ಡ್ ನಿಮ್ಮ ಮನೆಗೆ ಬರುವ ಮುಂಚೆ ಎಲ್ಲಿತ್ತು, ಏನು ಕೆಲಸ ಮಾಡುತ್ತಿತ್ತು ಎಂದು ಯಾರಾದರೂ ವಿಚಾರಿಸಿದ್ದೀರಾ? ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಸಿಗುವ ಇಂತಹ ಅನೇಕ ಕಾರ್ಡ್‌ಗಳು ಯಾರದೋ ಮನೆಯ ಕೋಣೆಯಲ್ಲಿ ಹಗಲು ರಾತ್ರಿ ಎನ್ನದೆ ತಿಂಗಳುಗಟ್ಟಲೆ ದುಡಿದು ಬಂದವುಗಳು. ಅವು ಮಾಡುತ್ತಿದ್ದ ಕೆಲಸಕ್ಕೆ ಕ್ರಿಪ್ಟೋ ಕರೆನ್ಸಿಯ ಗಣಿಗಾರಿಕೆ ಎಂದು ಹೆಸರು.

ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಈ ಗಣಿ ಯಂತ್ರಗಳು ಕೆಟ್ಟಾಗ ನನ್ನ ಮೇಜಿಗೆ ಬರುತ್ತಿದ್ದವು. ಅವುಗಳಿಂದ ಬಿಡಿಬಿಡಿಯಾಗಿ ಮಾರಲ್ಪಟ್ಟ ಕಾರ್ಡ್‌ಗಳು ಈಗಲೂ ಬರುತ್ತಿವೆ. ಅವುಗಳಲ್ಲಿ ಕಾಣುವ ದೋಷಗಳು ಯಾವುವು, ಅವುಗಳನ್ನು ಹುಡುಕುವ ಕ್ರಮ ಹೇಗೆ ಎಂಬುದನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ. ಅದರ ಜೊತೆಗೆ, ಯಂತ್ರದ ದೋಷಕ್ಕಿಂತಲೂ ಹೆಚ್ಚು ಹಾನಿ ಮಾಡುವ ಇನ್ನೊಂದು ದೋಷದ ಬಗ್ಗೆಯೂ ಎರಡು ಮಾತು ಹೇಳಲಿಕ್ಕಿದೆ.

ಮಣ್ಣಿಲ್ಲದ ಗಣಿ

ಮೊದಲು ಈ ಗಣಿಗಾರಿಕೆ ಎಂದರೇನು ಎಂದು ತಿಳಿದುಕೊಳ್ಳೋಣ. ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ 2009ರ ಜನವರಿಯಲ್ಲಿ ಆರಂಭವಾಯಿತು. ಇದಕ್ಕೆ ಬ್ಯಾಂಕ್ ಇಲ್ಲ, ಸರಕಾರದ ಖಾತರಿಯೂ ಇಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಲೆಕ್ಕದ ಪುಸ್ತಕವನ್ನು ಜಗತ್ತಿನಾದ್ಯಂತ ಇರುವ ಸಾವಿರಾರು ಕಂಪ್ಯೂಟರ್‌ಗಳು ಇಟ್ಟುಕೊಂಡಿರುತ್ತವೆ. ಸುಮಾರು 10 ನಿಮಿಷಕ್ಕೊಮ್ಮೆ ಆ ಪುಸ್ತಕಕ್ಕೆ ಒಂದು ಹೊಸ ಪುಟ ಸೇರುತ್ತದೆ. ಆ ಪುಟವನ್ನು ಬರೆಯುವ ಹಕ್ಕು ಯಾರಿಗೆ? ಒಂದು ಕಠಿಣ ಲೆಕ್ಕಕ್ಕೆ ಹೊಂದುವ ಸಂಖ್ಯೆಯನ್ನು ಯಾರ ಯಂತ್ರ ಮೊದಲು ಊಹಿಸುತ್ತದೋ ಅವರಿಗೆ. ಅವರಿಗೆ ಬಹುಮಾನವಾಗಿ ಹೊಸ ನಾಣ್ಯಗಳೂ ಸಿಗುತ್ತವೆ. ಆರಂಭದಲ್ಲಿ ಈ ಬಹುಮಾನ 50 ಬಿಟ್‌ಕಾಯಿನ್ ಆಗಿತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ 2024ರ ಎಪ್ರಿಲ್‌ನಲ್ಲಿ 3.125ಕ್ಕೆ ತಲುಪಿತು.

ಬಿಟ್‌ಕಾಯಿನ್ ಗಣಿಗಾರಿಕೆಗೆ ಬೇಗನೆ ಪ್ರತ್ಯೇಕ ಯಂತ್ರಗಳು ಬಂದವು. ಆದರೆ ಎಥೀರಿಯಂ ಎಂಬ ಇನ್ನೊಂದು ನಾಣ್ಯವನ್ನು ಸಾಮಾನ್ಯ ಗ್ರಾಫಿಕ್ಸ್ ಕಾರ್ಡ್‌ನಿಂದಲೇ ಸಂಪಾದಿಸಬಹುದಾಗಿತ್ತು. ಆದ್ದರಿಂದ ನಮ್ಮ ಊರುಗಳಿಗೂ ಅದು ತಲುಪಿತು. 2020ರಲ್ಲಿ ಕೊರೋನಾದಿಂದ ಅಂಗಡಿಗಳು ಮುಚ್ಚಿದವು, ಗಲ್ಫ್‌ನಲ್ಲಿದ್ದ ಎಷ್ಟೋ ಮಂದಿ ಕೆಲಸ ಕಳೆದುಕೊಂಡು ಊರಿಗೆ ಮರಳಿದರು. 2021ರಲ್ಲಿ ಈ ನಾಣ್ಯಗಳ ಬೆಲೆ ಗಗನಕ್ಕೇರಿತು. ಮನೆಯಲ್ಲಿ ಕುಳಿತೇ ದುಡಿಯುವ ಯಂತ್ರ ಎಂಬ ಮಾತಿಗೆ ಯುವಕರು ಮರುಳಾದರೆ ಅದರಲ್ಲಿ ಆಶ್ಚರ್ಯವೇನಿಲ್ಲ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಈ ಪದ್ಧತಿಯನ್ನೇ ಕೈಬಿಟ್ಟಿತು. ಅಂದಿನಿಂದ ಗ್ರಾಫಿಕ್ಸ್ ಕಾರ್ಡ್‌ಗಳ ಗಣಿಗಾರಿಕೆ ಬಹುತೇಕ ಲಾಭವಿಲ್ಲದ ಕೆಲಸವಾಯಿತು. ರಾಶಿ ರಾಶಿ ಕಾರ್ಡ್‌ಗಳು ಮಾರಾಟಕ್ಕೆ ಬಂದವು.

ಮೊದಲು ಮೂಗು, ಆಮೇಲೆ ಮೀಟರ್

2021ರ ಮಳೆಗಾಲದಲ್ಲಿ ಪರಿಚಯದ ಒಂದು ಮನೆಯಿಂದ ನನಗೆ ಕರೆ ಬಂತು. ಮಾತನಾಡಿದ್ದು ಆ ಮನೆಯ ಉಮ್ಮ. "ಮೋನೇ, ಮಗನ ಕೋಣೆಯಲ್ಲಿ ಪ್ಲಾಸ್ಟಿಕ್ ಬಳೆ ಸುಟ್ಟಂತಹ ವಾಸನೆ ಬರುತ್ತಿದೆ. ಏನೂ ಆಗುವುದಿಲ್ಲ ಎನ್ನುತ್ತಾನೆ. ನೀನು ಒಮ್ಮೆ ಬಂದು ನೋಡು" ಎಂದರು.

ಮಗ ಗಲ್ಫ್‌ನಿಂದ ಕೆಲಸ ಕಳೆದುಕೊಂಡು ಬಂದಿದ್ದ. ಒಳ್ಳೆಯ ಹುಡುಗ, ಸೋಮಾರಿಯಲ್ಲ. ಬೇರೆ ಊರಿನ ಒಬ್ಬ ವ್ಯಾಪಾರಿಯಿಂದ ಆರು ಕಾರ್ಡ್‌ಗಳ ಹಳೆಯ ಯಂತ್ರವೊಂದನ್ನು ಒಂದೂವರೆ ಲಕ್ಷ ರೂಪಾಯಿಗೆ ಖರೀದಿಸಿದ್ದ. ಅದಕ್ಕಾಗಿ ಹೆಂಡತಿಯ ನಾಲ್ಕು ಬಳೆಗಳನ್ನು ಅಡವಿಟ್ಟಿದ್ದ. ಅವು ಆಕೆಯ ಮಹ್ರ್‌ನ ಬಳೆಗಳು. ಯಂತ್ರ ಎರಡು ವಾರ ಸರಿಯಾಗಿ ಓಡಿತಂತೆ. ಆಮೇಲೆ ಮೂರು ನಾಲ್ಕು ಗಂಟೆಗೊಮ್ಮೆ ಹ್ಯಾಂಗ್ ಆಗತೊಡಗಿತು. ವ್ಯಾಪಾರಿ ಫೋನ್ ಎತ್ತುವುದನ್ನು ನಿಲ್ಲಿಸಿದ್ದ.

ಯುವಕ ಸುಮ್ಮನೆ ಕುಳಿತಿರಲಿಲ್ಲ. ವಿಂಡೋಸನ್ನು ಮತ್ತೆ ಹಾಕಿದ್ದ, ಕೇಬಲ್‌ಗಳನ್ನು ಅದಲು ಬದಲು ಮಾಡಿದ್ದ, ಕಾರ್ಡ್‌ಗಳ ಸ್ಥಾನ ಬದಲಿಸಿದ್ದ, ಅವುಗಳ ವೇಗವನ್ನು ಏರಿಸಿ ಇಳಿಸಿ ನೋಡಿದ್ದ. ಎಲ್ಲವನ್ನೂ ಒಂದೇ ರಾತ್ರಿ ಮಾಡಿದ್ದರಿಂದ ಯಾವುದರಿಂದ ಏನಾಯಿತು ಎಂದು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಕೋಣೆಗೆ ಹೋಗಿ ನೋಡಿದೆ. ಕಬ್ಬಿಣದ ಚೌಕಟ್ಟಿನಲ್ಲಿ ಆರು ಕಾರ್ಡ್‌ಗಳು ಸಾಲಾಗಿ ನಿಂತಿದ್ದವು. ಫ್ಯಾನ್‌ಗಳ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಮಳೆ ಬರುತ್ತಿದ್ದುದರಿಂದ ಕಿಟಕಿ ಮುಚ್ಚಿತ್ತು. ಯಂತ್ರದಿಂದ ಮೂರು ಮಾರು ದೂರದಲ್ಲಿ ಮಗುವಿನ ತೊಟ್ಟಿಲು ಇತ್ತು.

ಇಂತಹ ಸಂದರ್ಭದಲ್ಲಿ ಮಾಡಬೇಕಾದ ಮೊದಲ ಕೆಲಸ ಸ್ಕ್ರೀನ್ ನೋಡುವುದಲ್ಲ, ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳುವುದು. ಆಮೇಲೆ ಕಣ್ಣು, ಮೂಗು ಮತ್ತು ಬೆರಳುಗಳಿಂದ ಪರೀಕ್ಷೆ. ಯಾವ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದೆ, ಯಾವ ತಂತಿ ಗಟ್ಟಿಯಾಗಿದೆ, ಯಾವ ಪ್ಲಗ್ ಬಿಸಿಯಾಗಿದೆ ಎಂದು ನೋಡಬೇಕು. ಅಲ್ಲಿ ಎರಡು ರೈಸರ್‌ಗಳ ಪವರ್ ಕನೆಕ್ಟರ್ ಕರಗಿ ಅಂಟಿಕೊಂಡಿತ್ತು. ವಾಸನೆ ಬರುತ್ತಿದ್ದುದು ಅಲ್ಲಿಂದಲೇ.

ರೈಸರ್ ಎಂದರೇನೆಂದು ಹೇಳಬೇಕು. ಆರು ದಪ್ಪ ಕಾರ್ಡ್‌ಗಳು ಮದರ್‌ಬೋರ್ಡಿನ ಮೇಲೆ ಅಕ್ಕಪಕ್ಕ ಹಿಡಿಸುವುದಿಲ್ಲ. ಆದ್ದರಿಂದ ಪ್ರತಿ ಕಾರ್ಡನ್ನು ಒಂದು ಸಣ್ಣ ಪಟ್ಟಿಯ ಮೇಲೆ ನಿಲ್ಲಿಸಿ, ಒಂದು ಕೇಬಲ್ ಮೂಲಕ ಮದರ್‌ಬೋರ್ಡಿಗೆ ಜೋಡಿಸುತ್ತಾರೆ. ಆ ಪಟ್ಟಿಯೇ ರೈಸರ್. ಅದಕ್ಕೆ ಪ್ರತ್ಯೇಕ ವಿದ್ಯುತ್ ಬೇಕು. ನಿಯಮದ ಪ್ರಕಾರ ಗ್ರಾಫಿಕ್ಸ್ ಕಾರ್ಡೊಂದು ತನ್ನ ಸ್ಲಾಟಿನಿಂದ 75 ವಾಟ್‌ವರೆಗೆ ಎಳೆಯಬಹುದು. ಆದರೆ ಅನೇಕರು ರೈಸರಿಗೆ ಹಾರ್ಡ್ ಡಿಸ್ಕಿನ ಸಾಟಾ ಪವರ್ ಕೇಬಲನ್ನು ಸಿಕ್ಕಿಸುತ್ತಾರೆ. ಆ ಕನೆಕ್ಟರಿನ 12 ವೋಲ್ಟ್ ಸಾಲು ತಾಳಿಕೊಳ್ಳುವುದು 4.5 ಆಂಪಿಯರ್, ಅಂದರೆ 54 ವಾಟ್ ಮಾತ್ರ. ಇಲ್ಲಿ ಒಂದೇ ಕೇಬಲನ್ನು ಕವಲು ಮಾಡಿ ಎರಡು ರೈಸರ್‌ಗಳಿಗೆ ಕೊಟ್ಟಿದ್ದರು. ಒಂದು ಗಂಟೆ ಆಟವಾಡಿ ನಿಲ್ಲಿಸುವ ಕಂಪ್ಯೂಟರಾದರೆ ಹೇಗೋ ತಾಳಬಹುದೇನೋ. ದಿನದ 24 ಗಂಟೆ ಓಡುವ ಯಂತ್ರದಲ್ಲಿ ಆ ಪ್ಲಾಸ್ಟಿಕ್ ಕರಗದೆ ಇನ್ನೇನಾದೀತು? ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಆರು ಪಿನ್ನಿನ ಕೇಬಲನ್ನು ರೈಸರಿಗೆ ಕೊಡುವುದೇ ಇದಕ್ಕೆ ಸರಿಯಾದ ಪರಿಹಾರ.

ಎರಡನೆಯದಾಗಿ ಗೋಡೆಯ ಕಡೆಯ ವಯರಿಂಗ್. ಯಂತ್ರ ಎಳೆಯುತ್ತಿದ್ದುದು ಸುಮಾರು 850 ವಾಟ್. ಅಂದರೆ ದಿನಕ್ಕೆ 20 ಯೂನಿಟ್, ತಿಂಗಳಿಗೆ 600 ಯೂನಿಟ್. ಅದನ್ನು ಟೇಬಲ್ ಫ್ಯಾನ್ ಮತ್ತು ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದ ಅಗ್ಗದ ಎಕ್ಸ್‌ಟೆನ್ಶನ್ ಬಾಕ್ಸಿಗೇ ಸಿಕ್ಕಿಸಿದ್ದರು. ಬಾಕ್ಸಿನ ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿ ಕಪ್ಪಾಗಿತ್ತು. ಅರ್ತಿಂಗ್ ತಂತಿ ಎಲ್ಲಿಗೂ ತಲುಪುತ್ತಿರಲಿಲ್ಲ. ಓದುಗರೇ, ನಿಮ್ಮ ಮನೆಯಲ್ಲಿ ನಿರಂತರವಾಗಿ ಓಡುವ ಯಾವುದೇ ದೊಡ್ಡ ಯಂತ್ರವಿದ್ದರೂ ಅದಕ್ಕೆ ಪ್ರತ್ಯೇಕ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್ ಮತ್ತು ಎಂಸಿಬಿ ಇರಲಿ. ಅದನ್ನು ಮಲಗುವ ಕೋಣೆಯಲ್ಲಿ ಮಾತ್ರ ಇಡಬೇಡಿ. ಅಂದು ಯಂತ್ರವನ್ನು ನಾನು ಮತ್ತೆ ಚಾಲೂ ಮಾಡಲಿಲ್ಲ. ಕಳಚಿ ಅಂಗಡಿಗೆ ತಂದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ದೋಷ ಹುಡುಕುವ ವಿದ್ಯೆಯ ಮೂಲ ನಿಯಮ ಬಹಳ ಸರಳ. ಎಲ್ಲವನ್ನೂ ಕಳಚಿ, ಅತ್ಯಂತ ಕಡಿಮೆ ಭಾಗಗಳಿಂದ ಆರಂಭಿಸಬೇಕು. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಸೇರಿಸಬೇಕು. ಸಾರು ಹುಳಿಯಾಯಿತೆಂದು ಮಸಾಲೆ, ತೆಂಗಿನಕಾಯಿ, ಪಾತ್ರೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದೆಂದು ಅಡುಗೆಯವಳಿಗೆ ಎಂದಾದರೂ ಗೊತ್ತಾದೀತೇ? ಯಂತ್ರದ ವಿಷಯವೂ ಹಾಗೆಯೇ.

ಮದರ್‌ಬೋರ್ಡ್, ಪ್ರೊಸೆಸರ್, ಒಂದು ರ‍್ಯಾಮ್ ಮತ್ತು ರೈಸರ್ ಇಲ್ಲದೆ ನೇರವಾಗಿ ಸ್ಲಾಟಿಗೆ ಸಿಕ್ಕಿಸಿದ ಒಂದೇ ಒಂದು ಕಾರ್ಡ್. ಇಷ್ಟನ್ನೇ ಇಟ್ಟುಕೊಂಡು, ನನ್ನ ಅಂಗಡಿಯ ಒಳ್ಳೆಯ ಎಸ್‌ಎಂಪಿಎಸ್ ಜೋಡಿಸಿ ಚಾಲೂ ಮಾಡಿದೆ. ಕಾರ್ಡಿನ ವೇಗವನ್ನು ಕಂಪೆನಿ ನಿಗದಿಪಡಿಸಿದ ಮಟ್ಟಕ್ಕೆ ಮರಳಿಸಿದೆ. ಗಣಿಗಾರಿಕೆ ಮಾಡುವವರು ಹೆಚ್ಚು ಸಂಪಾದನೆಗಾಗಿ ಕಾರ್ಡಿನ ಮೆಮೊರಿಯ ವೇಗವನ್ನು ಏರಿಸಿರುತ್ತಾರೆ. ಆ ಏರಿಕೆಯನ್ನು ತೆಗೆಯದೆ ಕಾರ್ಡಿನ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ. ಪ್ರತಿ ಕಾರ್ಡನ್ನೂ ಹೀಗೆ ಎರಡು ಗಂಟೆ ಓಡಿಸಿ, ಬಿಸಿ ಎಷ್ಟು, ಫ್ಯಾನ್ ವೇಗ ಎಷ್ಟು, ತಪ್ಪು ಉತ್ತರಗಳು ಎಷ್ಟು ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಬರೆಯದೆ ನೆನಪಿನ ಮೇಲೆ ಕೆಲಸ ಮಾಡಿದರೆ ಮೂರನೆಯ ದಿನಕ್ಕೆ ಎಲ್ಲವೂ ಕಲಸುಮೇಲೋಗರ.

ಒಂದನೆಯ, ಎರಡನೆಯ ಮತ್ತು ಐದನೆಯ ಕಾರ್ಡ್‌ಗಳಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಯುವಕ ಮೂರನೆಯ ಕಾರ್ಡ್ ಸತ್ತಿದೆ ಎಂದಿದ್ದ. ನೇರವಾಗಿ ಸ್ಲಾಟಿಗೆ ಹಾಕಿದಾಗ ಅದು ಆರೋಗ್ಯವಾಗಿಯೇ ಓಡಿತು. ಅದರ ರೈಸರನ್ನು ಒಂದನೆಯ ಕಾರ್ಡಿಗೆ ಜೋಡಿಸಿದರೆ ಒಂದನೆಯದೂ ಕಾಣಿಸದಾಯಿತು. ಅಂದರೆ ದೋಷ ರೈಸರಿನದ್ದು, ಕಾರ್ಡಿನದ್ದಲ್ಲ. ಅನುಮಾನವಿರುವ ಭಾಗವನ್ನು ಒಳ್ಳೆಯ ಜಾಗಕ್ಕೆ ಬದಲಿಸಿ, ದೋಷ ಅದರ ಹಿಂದೆಯೇ ಹೋಗುತ್ತದೋ ಇಲ್ಲವೋ ಎಂದು ನೋಡುವುದೇ ಇಲ್ಲಿ ಸಾಕ್ಷ್ಯ. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಯಾರಿಗಾದರೂ ಅನ್ಯಾಯ ಮಾಡಬಾರದೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಮನುಷ್ಯರ ವಿಷಯದಲ್ಲಿ ಕಲಿತ ಈ ಪಾಠ ಯಂತ್ರದ ವಿಷಯದಲ್ಲೂ ನನಗೆ ಉಪಕಾರ ಮಾಡಿದೆ. ಸತ್ತಿದೆ ಎಂದು ಕಸಕ್ಕೆಸೆದ ಎಷ್ಟೋ ಕಾರ್ಡ್‌ಗಳು ನಿರಪರಾಧಿಗಳು.

ಇದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 2020ರ ಡಿಸೆಂಬರ್ ಹೊತ್ತಿಗೆ 4 ಜಿಬಿ ಮೆಮೊರಿಯ ಕಾರ್ಡ್‌ಗಳು ಎಥೀರಿಯಂ ಗಣಿಗಾರಿಕೆಯಲ್ಲಿ ಒಂದೊಂದಾಗಿ ನಿಂತುಹೋದವು. ಅನೇಕರು ಕಾರ್ಡ್ ಕೆಟ್ಟಿತೆಂದೇ ತಿಳಿದರು. ನಿಜ ಸಂಗತಿಯೇನೆಂದರೆ, ಆ ಲೆಕ್ಕಕ್ಕೆ ಬೇಕಾದ ಮಾಹಿತಿಯ ಕಡತ ದಿನೇ ದಿನೇ ದೊಡ್ಡದಾಗುತ್ತಾ ಬಂದು 4 ಜಿಬಿಯಲ್ಲಿ ಹಿಡಿಸದಾಯಿತು. ಕಾರ್ಡ್‌ಗಳು ಗಟ್ಟಿಮುಟ್ಟಾಗಿಯೇ ಇದ್ದವು. ಹಾಗೆಯೇ ಹೆಚ್ಚು ಕಾರ್ಡ್‌ಗಳನ್ನು ಜೋಡಿಸುವಾಗ ಮದರ್‌ಬೋರ್ಡಿನ ಬಯೋಸ್‌ನಲ್ಲಿ ‘ಅಬವ್ ಫೋರ್ ಜಿ ಡಿಕೋಡಿಂಗ್’ ಎಂಬ ಒಂದು ಸೆಟ್ಟಿಂಗನ್ನು ಚಾಲೂ ಮಾಡದಿದ್ದರೆ ಕೊನೆಯ ಕಾರ್ಡ್‌ಗಳು ಕಾಣಿಸದೇ ಹೋಗಬಹುದು. ಅದೂ ಕಾರ್ಡಿನ ತಪ್ಪಲ್ಲ.

ನಾಲ್ಕನೆಯ ಕಾರ್ಡ್ 84 ಡಿಗ್ರಿಗೆ ಏರುತ್ತಿತ್ತು. ಒಂದು ಫ್ಯಾನ್ ಕುಂಟುತ್ತಿತ್ತು. ಬಿಚ್ಚಿ ನೋಡಿದಾಗ ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು ಕಂಬಳಿಯಂತೆ ಕೂತಿತ್ತು. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಧೂಳು ತೆಗೆದು, ಹೊಸ ಪೇಸ್ಟ್ ಹಚ್ಚಿ, ಫ್ಯಾನ್ ಬದಲಿಸಿದ ಮೇಲೆ 68 ಡಿಗ್ರಿಗೆ ಇಳಿಯಿತು. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆಯಿದೆ. ಮಳೆಗಾಲದ ತೇವ ಮತ್ತು ಸಮುದ್ರದ ಉಪ್ಪುಗಾಳಿಯಿಂದ ಕಾರ್ಡಿನ ಹೊಂಬಣ್ಣದ ಅಂಚು ಮಂಕಾಗಿ ಸಂಪರ್ಕ ತಪ್ಪುತ್ತದೆ. ಶಾಲೆಯ ಮಕ್ಕಳ ರಬ್ಬರಿನಿಂದ ಮೃದುವಾಗಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿದರೆ ಎಷ್ಟೋ ಸಲ ರೋಗ ವಾಸಿಯಾಗುತ್ತದೆ.

ಆದರೆ ಹ್ಯಾಂಗ್ ಆಗುತ್ತಿದ್ದುದಕ್ಕೆ ಮುಖ್ಯ ಕಾರಣ ಎಸ್‌ಎಂಪಿಎಸ್. ಅದರ ಮೇಲೆ 1000 ವಾಟ್ ಎಂದು ಬರೆದಿತ್ತು. ಕೈಯಲ್ಲಿ ಹಿಡಿದರೆ ಹಗುರ. 12 ವೋಲ್ಟ್ ಸಾಲು ಶೇ. 5ರಷ್ಟು ಹೆಚ್ಚು ಕಡಿಮೆ ಆಗಬಹುದು, ಅಂದರೆ 11.4ರಿಂದ 12.6ರ ಒಳಗಿರಬೇಕು. ಮಲ್ಟಿಮೀಟರ್ ಹಚ್ಚಿ ನೋಡಿದೆ. ಭಾರವಿಲ್ಲದಾಗ 12.1, ಮೂರು ಕಾರ್ಡ್‌ಗಳಿಗೆ 11.7, ಎಲ್ಲವನ್ನೂ ಸೇರಿಸಿದಾಗ 11.2. ಅಲ್ಲಿಗೆ ಯಂತ್ರ ಸ್ತಬ್ಧ. ಬರೆದಿರುವ ಸಾಮರ್ಥ್ಯದ ಶೇ. 80ಕ್ಕಿಂತ ಹೆಚ್ಚು ಭಾರವನ್ನು ಯಾವ ಎಸ್‌ಎಂಪಿಎಸ್ ಮೇಲೂ ನಿರಂತರವಾಗಿ ಹಾಕಬಾರದು. ಇನ್ನೊಂದು ಎಚ್ಚರಿಕೆ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಹೀಗೆ ಒಂದೇ ರೋಗಿಗೆ ಮೂರು ರೋಗ. ಕರಗಿದ ಮತ್ತು ಕೆಟ್ಟ ರೈಸರ್‌ಗಳು, ಬಳಲಿದ ಫ್ಯಾನ್, ದುರ್ಬಲ ಎಸ್‌ಎಂಪಿಎಸ್. ಇವೆಲ್ಲ ಹಣ ಕೊಟ್ಟರೆ ಸರಿಯಾಗುವಂತಹವು. ಉಳಿದದ್ದು ಆರನೆಯ ಕಾರ್ಡ್.

ಆರನೆಯ ಕಾರ್ಡ್

ಆರನೆಯ ಕಾರ್ಡನ್ನು ನೇರ ಸ್ಲಾಟಿಗೆ ಹಾಕಿದರೂ, ನಿಗದಿತ ವೇಗದಲ್ಲಿ ಓಡಿಸಿದರೂ, ಒಳ್ಳೆಯ ಎಸ್‌ಎಂಪಿಎಸ್ ಕೊಟ್ಟರೂ ಒಂದೂವರೆ ಗಂಟೆಯ ಹೊತ್ತಿಗೆ ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು ಮೂಡುತ್ತಿದ್ದವು, ತಪ್ಪು ಉತ್ತರಗಳು ಏರುತ್ತಿದ್ದವು, ಆಮೇಲೆ ಎಲ್ಲವೂ ನಿಲ್ಲುತ್ತಿತ್ತು. ಇದು ಮೆಮೊರಿ ಚಿಪ್‌ನ ದೋಷದ ಲಕ್ಷಣ. ಹೀಟ್‌ಸಿಂಕ್ ಬಿಚ್ಚಿದಾಗ ಕಥೆ ತಾನಾಗಿ ಹೊರಬಂತು. ತಿರುಪುಗಳ ತಲೆ ಸವೆದಿತ್ತು. ಚಿಪ್‌ಗಳ ಸುತ್ತ ಬೆಸುಗೆಯ ಅಂಟಿನ ಕಲೆಯಿತ್ತು. ಯಾರೋ ಬಿಸಿಗಾಳಿ ಕೊಟ್ಟು ಚಿಪ್ಪನ್ನು ಕೂರಿಸಿದ್ದರು. ಇಂತಹ ಉಪಾಯದಿಂದ ಕಾರ್ಡ್ ಕೆಲವು ದಿನ ಅಥವಾ ಕೆಲವು ವಾರ ಓಡಿ ಮತ್ತೆ ಮಲಗಿಬಿಡುತ್ತದೆ. ಅಂದರೆ ಕಾರ್ಡ್ ಮಾರುವ ಮುಂಚೆಯೇ ಕೆಟ್ಟಿತ್ತು. ಅದನ್ನು ಮರೆಮಾಚಿ ಕೊಟ್ಟಿದ್ದರು.

ಯುವಕನಿಗೆ ಎಲ್ಲವನ್ನೂ ತೋರಿಸಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದ, "ಕಾಕ, ಒಂದು ಗಂಟೆ ಸರಿಯಾಗಿ ಓಡುತ್ತದಲ್ಲ? ಕೊಳ್ಳುವವರು ಹತ್ತು ನಿಮಿಷ ನೋಡುತ್ತಾರೆ. ಈಗ ಇದಕ್ಕೆ 20 ಸಾವಿರ ಸುಲಭವಾಗಿ ಸಿಗುತ್ತದೆ. ಚೆಕ್ ಮಾಡಿದ್ದೇನೆ ಎಂದು ನಿಮ್ಮ ಅಂಗಡಿಯ ಬಿಲ್ಲಿನಲ್ಲಿ ಬರೆದುಕೊಟ್ಟರೆ ಸಾಕು. ನನಗೂ ಹೀಗೆಯೇ ಅಲ್ಲವೇ ಮಾಡಿದ್ದು?"

ಅವನ ಕೊನೆಯ ಮಾತನ್ನು ಗಮನಿಸಿ. ಮೋಸ ಹೋದವನು ಮೋಸ ಮಾಡಲು ಹಕ್ಕು ಪಡೆದವನಂತೆ ಮಾತನಾಡುತ್ತಾನೆ. ಒಂದು ಕೆಟ್ಟ ಕಾರ್ಡ್ ಕೈಯಿಂದ ಕೈಗೆ ದಾಟುತ್ತಾ ಹೋಗುವುದು ಹೀಗೆಯೇ. ಪ್ರತಿಯೊಬ್ಬನೂ ತನ್ನ ನಷ್ಟವನ್ನು ಮುಂದಿನವನ ತಲೆಗೆ ಕಟ್ಟುತ್ತಾನೆ. ಕೊನೆಗೆ ಅದು ಯಾವುದೋ ಬಡ ವಿದ್ಯಾರ್ಥಿಯ ಕೈಯಲ್ಲಿ ಸಾಯುತ್ತದೆ.

ಹಾಗೆ ಬರೆದುಕೊಡಲು ನನ್ನಿಂದ ಆಗದು ಎಂದೆ. ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆಯನ್ನು ಅವನಿಗೆ ನೆನಪಿಸಿದೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆ ನಿಮಗೂ ಗೊತ್ತಿರಬಹುದು. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಮಳೆಯಿಂದ ನೆನೆಯಿತು ಎಂದು ವ್ಯಾಪಾರಿ ಕಾರಣ ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬೇಕಿತ್ತಲ್ಲವೇ ಎಂದು ಪ್ರವಾದಿ(ಸ)ರು ಪ್ರಶ್ನಿಸಿದರು. ಇಲ್ಲಿ ನಾವು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಒದ್ದೆ ಧಾನ್ಯವನ್ನು ಮಾರಬಾರದು ಎಂಬುದಲ್ಲ ಅಲ್ಲಿನ ಪಾಠ. ಮಳೆ ಬಂದುದು ವ್ಯಾಪಾರಿಯ ತಪ್ಪೂ ಅಲ್ಲ. ಕೆಳಗೆ ಮುಚ್ಚಿಟ್ಟದ್ದೇ ತಪ್ಪು. ಹಾಗೆಯೇ ಕೆಟ್ಟ ಕಾರ್ಡನ್ನು ಮಾರುವುದು ತಪ್ಪಲ್ಲ, ಕೆಟ್ಟದ್ದೆಂದು ಹೇಳಿ ಮಾರಬೇಕು ಅಷ್ಟೆ.

ಅಷ್ಟರಲ್ಲಿ ಅವನ ಜೊತೆ ಬಂದಿದ್ದ ಪತ್ನಿ ಮೊದಲ ಬಾರಿಗೆ ಮಾತನಾಡಿದಳು. "ಬಳೆ ತಡವಾಗಿ ಬಂದರೂ ಪರವಾಗಿಲ್ಲ. ಯಾರೋ ಅತ್ತ ಹಣದಿಂದ ಬಿಡಿಸಿದ ಬಳೆಯನ್ನು ನಾನು ಕೈಗೆ ಹಾಕಿಕೊಳ್ಳುವುದಿಲ್ಲ" ಎಂದಳು. ಮಹ್ರ್ ಎಂಬುದು ಹೆಣ್ಣಿನ ಸ್ವಂತ ಸೊತ್ತು. ಅದರ ಬಗ್ಗೆ ಕೊನೆಯ ಮಾತು ಅವಳದ್ದೇ ಆಗಿರಬೇಕು. ಅವಳ ಆ ಮಾತಿನ ಮುಂದೆ ನನ್ನ ಉಪದೇಶ ಏನೂ ಅಲ್ಲ ಎನಿಸಿತು.

ಆರನೆಯ ಕಾರ್ಡನ್ನು ಬಿಡಿಭಾಗಗಳಿಗಾಗಿ ಒಬ್ಬ ಮೆಕ್ಯಾನಿಕ್ 3 ಸಾವಿರ ರೂಪಾಯಿಗೆ ತೆಗೆದುಕೊಂಡರು. ದೋಷ ಇಂತಹದ್ದೆಂದು ಚೀಟಿಯಲ್ಲಿ ಬರೆದೇ ಕೊಟ್ಟೆವು. ಉಳಿದ ಐದು ಕಾರ್ಡ್‌ಗಳ ಯಂತ್ರವನ್ನು ಮನೆಯ ಹಿಂಬದಿಯ ಗಾಳಿಯಾಡುವ ಕೋಣೆಗೆ ಹೊಸ ವಯರಿಂಗ್ ಮಾಡಿಸಿ ಇಟ್ಟರು. ಅದು ಕೆಲವು ತಿಂಗಳು ಓಡಿತು. ವಿದ್ಯುತ್ ಬಿಲ್ಲು, ರಿಪೇರಿ ಖರ್ಚು ಎಲ್ಲ ಕಳೆದು ಎರಡು ಬಳೆಗಳು ಮರಳಿ ಬಂದವು. 2022ರ ಎಪ್ರಿಲ್ 1ರಿಂದ ಕ್ರಿಪ್ಟೋ ಸಂಪಾದನೆಯ ಮೇಲೆ ಸರಕಾರ ಶೇ. 30 ತೆರಿಗೆ ವಿಧಿಸಿತು. ಅದಕ್ಕೆ ಮುಂಚೆಯೇ ಅವನು ಯಂತ್ರವನ್ನು ಬಿಚ್ಚಿ, ಪ್ರತಿ ಕಾರ್ಡಿನ ಜೊತೆ ಇದು ಗಣಿಗಾರಿಕೆಯಲ್ಲಿ ಇಷ್ಟು ತಿಂಗಳು ಓಡಿದೆ, ಇದರ ಫ್ಯಾನ್ ಬದಲಿಸಿದೆ ಎಂದು ಬರೆದ ಚೀಟಿ ಕೊಟ್ಟು ಮಾರಿದ. ಬೆಲೆ ಸ್ವಲ್ಪ ಕಡಿಮೆ ಬಂತು. ಆದರೆ ಕೊಂಡವರಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ. ಉಳಿದ ಎರಡು ಬಳೆಗಳನ್ನು ಬಿಡಿಸಲು ಅವನು ಮತ್ತೆ ಕೆಲಸಕ್ಕೆ ಸೇರಬೇಕಾಯಿತು.

ಭಿನ್ನಾಭಿಪ್ರಾಯ ಎಲ್ಲಿದೆ, ಎಲ್ಲಿಲ್ಲ?

ಕ್ರಿಪ್ಟೋ ಕರೆನ್ಸಿ ಹಲಾಲೋ ಹರಾಮೋ ಎಂದು ಕೆಲವು ಓದುಗರು ಕೇಳಬಹುದು. ನಾನು ವಿದ್ವಾಂಸನಲ್ಲ. ಜಗತ್ತಿನ ಉಲೆಮಾಗಳಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿದೆ. ಈಜಿಪ್ಟ್‌ನ ಗ್ರಾಂಡ್ ಮುಫ್ತಿಯವರು 2018ರ ಜನವರಿಯಲ್ಲಿ ಬಿಟ್‌ಕಾಯಿನ್ ವ್ಯವಹಾರ ನಿಷಿದ್ಧವೆಂದರು. ಇಂಡೋನೇಶ್ಯದ ಉಲೆಮಾ ಕೌನ್ಸಿಲ್ 2021ರ ನವೆಂಬರ್‌ನಲ್ಲಿ ಇದನ್ನು ಕರೆನ್ಸಿಯಾಗಿ ಬಳಸುವುದು ಹರಾಮ್ ಎಂದಿತು. ಮಲೇಶ್ಯದ ಸೆಕ್ಯುರಿಟೀಸ್ ಕಮಿಷನ್‌ನ ಶರೀಅಃ ಸಲಹಾ ಮಂಡಳಿ 2020ರಲ್ಲಿ ಷರತ್ತುಗಳೊಂದಿಗೆ ಡಿಜಿಟಲ್ ಆಸ್ತಿಗಳ ವ್ಯವಹಾರಕ್ಕೆ ಅನುಮತಿ ನೀಡಿತು. ನೀವು ನಂಬುವ ವಿದ್ವಾಂಸರನ್ನು ಕೇಳಿ ತಿಳಿದುಕೊಳ್ಳುವುದೇ ಸರಿ. ಅಡವಿನ ಸಾಲದ ಬಡ್ಡಿಯ ಬಗ್ಗೆಯೂ ಅವರಲ್ಲಿಯೇ ಕೇಳಿ.

ಆದರೆ ಒಂದು ವಿಷಯದಲ್ಲಿ ಈಜಿಪ್ಟ್, ಇಂಡೋನೇಶ್ಯ, ಮಲೇಶ್ಯ ಎಂಬ ವ್ಯತ್ಯಾಸವಿಲ್ಲ. ಸರಕಿನ ದೋಷವನ್ನು ಮುಚ್ಚಿಟ್ಟು ಮಾರುವುದು ತಪ್ಪೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅಳತೆ ತೂಕದಲ್ಲಿ ವಂಚಿಸುವವರ ಹೆಸರಿನಲ್ಲಿಯೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, 83ನೆಯ ಸೂರಃ ಅಲ್ ಮುತಫ್ಫಿಫೀನ್. ಖರೀದಿಸಿದ ಮೇಲೆ ಮೊದಲೇ ಇದ್ದ ದೋಷ ಕಂಡುಬಂದರೆ ಸರಕನ್ನು ಹಿಂದಿರುಗಿಸುವ ಹಕ್ಕು ಗ್ರಾಹಕನಿಗಿದೆ. ಫಿಕ್‌ಹ್‌ನಲ್ಲಿ ಅದಕ್ಕೆ ಖಿಯಾರುಲ್ ಐಬ್ ಎನ್ನುತ್ತಾರೆ. ನಾಣ್ಯದ ಬಗ್ಗೆ ದೊಡ್ಡ ಚರ್ಚೆ ನಡೆಸುವ ನಮ್ಮ ಯುವಕರು ಕಾರ್ಡ್ ಮಾರುವಾಗ ಈ ಚಿಕ್ಕ ವಿಷಯವನ್ನು ಮರೆಯುವುದು ವಿಪರ್ಯಾಸವಲ್ಲವೇ?

ಕೊಳ್ಳುವವರು ಏನು ನೋಡಬೇಕು?

ಗಣಿಗಾರಿಕೆಯಲ್ಲಿ ಓಡಿದ ಕಾರ್ಡ್ ಎಂದ ಮಾತ್ರಕ್ಕೆ ಅದು ಕೆಟ್ಟದ್ದೆಂದು ತಿಳಿಯಬೇಕಾಗಿಲ್ಲ. ತಿಳಿದವರು ವಿದ್ಯುತ್ ಉಳಿಸಲು ಕಡಿಮೆ ವೋಲ್ಟೇಜಿನಲ್ಲಿ, ಒಂದೇ ಸಮನಾದ ಬಿಸಿಯಲ್ಲಿ ಓಡಿಸಿರುತ್ತಾರೆ. ಅಂತಹ ಕಾರ್ಡ್‌ಗಳಲ್ಲಿ ಸವೆಯುವುದು ಹೆಚ್ಚಾಗಿ ಫ್ಯಾನ್, ಪೇಸ್ಟ್ ಮತ್ತು ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್‌ಗಳು. ಅವನ್ನೆಲ್ಲ ಬದಲಿಸಬಹುದು.

ಆದ್ದರಿಂದ ಕೊಳ್ಳುವ ಮುಂಚೆ ಮಾರುವವನನ್ನು ನೇರವಾಗಿ ಕೇಳಿ, ಇದು ಗಣಿಗಾರಿಕೆಯಲ್ಲಿ ಓಡಿದೆಯೇ, ಎಷ್ಟು ಕಾಲ? ಹಳೆಯ ಬಿಲ್ಲು ಇದೆಯೇ ಎಂದು ನೋಡಿ. ಸೀರಿಯಲ್ ನಂಬರಿನಿಂದ ವಾರಂಟಿ ಪರಿಶೀಲಿಸಿ. ತಿರುಪುಗಳ ತಲೆ ಸವೆದಿದೆಯೇ, ತುಕ್ಕಿದೆಯೇ, ಸುಟ್ಟ ವಾಸನೆ ಇದೆಯೇ ಎಂದು ಗಮನಿಸಿ. ಫ್ಯಾನನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿ ನೋಡಿ, ಅಲುಗಾಡಬಾರದು, ಕಿರುಗುಟ್ಟಬಾರದು. ಮಾರುವವನು ತೋರಿಸುವ ಹತ್ತು ನಿಮಿಷದ ಪರೀಕ್ಷೆಯನ್ನು ನಂಬಬೇಡಿ. ಪೂರ್ತಿ ಭಾರ ಹಾಕಿ ಎರಡು ಗಂಟೆಯಾದರೂ ಓಡಿಸಿ. ಬಿಸಿಯಾದ ಮೇಲೆಯೇ ಮೆಮೊರಿಯ ದೋಷ ಬಾಯಿ ಬಿಡುವುದು. ಕಾರ್ಡಿನ ಹೆಸರು ಮತ್ತು ಮೆಮೊರಿಯ ಅಳತೆ ಮಾರುವವನು ಹೇಳಿದಂತೆಯೇ ಇದೆಯೇ ಎಂದೂ ನೋಡಿ. ಏಕೆಂದರೆ ಗಣಿಗಾರಿಕೆಗಾಗಿ ಕಾರ್ಡಿನ ಬಯೋಸನ್ನು ಬದಲಿಸುವವರಿದ್ದಾರೆ. ಅದನ್ನು ಮೂಲ ಸ್ಥಿತಿಗೆ ತರದೆ ಮಾರಿದರೆ ಕೊಂಡವನಿಗೆ ತಲೆನೋವು.

ನೀವು ಮಾರುವವರಾಗಿದ್ದರೆ ನಿಮ್ಮ ಕೆಲಸ ಇದಕ್ಕಿಂತ ಸುಲಭ. ಒಂದು ಕಾಗದ ಮತ್ತು ಪೆನ್ನು ಸಾಕು. ಕಾರ್ಡ್ ಎಷ್ಟು ಕಾಲ ಓಡಿದೆ, ಏನು ಕೆಟ್ಟಿತ್ತು, ಏನು ಸರಿ ಮಾಡಿಸಿದ್ದೀರಿ, ಈಗ ಯಾವ ತೊಂದರೆಯಿದೆ ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಡಿ. ಇದನ್ನು ಮಕ್ಕಳ ಎದುರಿನಲ್ಲೇ ಮಾಡಿ. ಹಳೆಯ ಬೈಕ್ ಇರಲಿ, ಮಿಕ್ಸಿ ಇರಲಿ, ಮೊಬೈಲ್ ಇರಲಿ, ಮನೆಯಲ್ಲಿ ಏನನ್ನು ಮಾರುವಾಗಲೂ ಉಮ್ಮಂದಿರು ಮಕ್ಕಳಲ್ಲಿ ಇದೊಂದನ್ನು ಕೇಳಲಿ, "ಇದರ ದೋಷವನ್ನು ಅವರಿಗೆ ಹೇಳಿದೆಯಾ?" ಬೆಲೆಯಲ್ಲಿ ಕಡಿಮೆಯಾದ ಮೊತ್ತವನ್ನು ಅಲ್ಲಾಹನು ಬರಕತ್‌ನ ರೂಪದಲ್ಲಿ ತುಂಬಿಕೊಡಲಿ.